ರೈತನ ಜೇಬಿಗೆ ಎಂಥ ಚಾಕು ಬೇಕು?

ಬೇಸಾಯದ ಉಪಕರಣಗಳೆಂದೊಡನೆ ನೇಗಿಲು, ಕುಂಟೆ, ಕೂರಿಗೆ, ಈಚೆಗೆ ಟ್ರ್ಯಾಕ್ಟರು, ಕಳೆ ಕೊಚ್ಚುವ ಯಂತ್ರ, ಸಿಂಪರಣಾ ಯಂತ್ರ ಇವೇ ನಮ್ಮ ಕಣ್ಣ ಮುಂದೆ ಬರುತ್ತವೆ. ಇವುಗಳನ್ನು ಕೊಳ್ಳುವಾಗ ರೈತರು ನಾಲ್ಕು ಜನರನ್ನು ವಿಚಾರಿಸುತ್ತಾರೆ, ಎರಡು ಅಂಗಡಿ ಸುತ್ತುತ್ತಾರೆ. ಆದರೆ ದಿನದಲ್ಲಿ ಹತ್ತಾರು ಬಾರಿ ಕೈಗೆ ಬರಬೇಕಾದ, ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಉಪಕರಣದ ಬಗ್ಗೆ ಯಾರೂ ಅಷ್ಟು ಯೋಚಿಸುವುದಿಲ್ಲ. ಅದೇ ಮಡಚುವ ಚಾಕು. ಜಾತ್ರೆಯಲ್ಲೋ ಸಂತೆಯಲ್ಲೋ ಹೊಳೆಯುವುದೊಂದನ್ನು ಕೊಂಡು, ಎರಡು ತಿಂಗಳಲ್ಲಿ ಅದು ಸಡಿಲಗೊಂಡ ಮೇಲೆ ಮೂಲೆಗೆಸೆದು, ‘ಚಾಕು ಎಲ್ಲ ಇಷ್ಟೇ’ ಎಂದು ಸುಮ್ಮನಾಗುವುದು ವಾಡಿಕೆಯಾಗಿದೆ.

ಗಟ್ಟಿಮುಟ್ಟಾದ ಒಂದು ಮಡಚುವ ಚಾಕು ರೈತನಿಗೆ ಬರೀ ಹಗ್ಗ ಕತ್ತರಿಸುವ ಸಾಧನವಲ್ಲ, ಬೆಳೆಯ ರೋಗ ಪತ್ತೆ ಮಾಡುವ ಅತಿ ಅಗ್ಗದ ಸಾಧನವೂ ಹೌದು ಎಂಬುದು ನನ್ನ ಖಚಿತ ಅಭಿಪ್ರಾಯ. ಹೆಗಲಿಗೆ ಸಿಂಪರಣಾ ಯಂತ್ರ ಏರುವ ಮೊದಲು ಜೇಬಿನಿಂದ ಚಾಕು ಹೊರಬರಬೇಕು. ಹಾಗೆ ಬರಬೇಕಾದರೆ ಚಾಕು ಸದಾ ಜೇಬಿನಲ್ಲಿರಬೇಕು, ಹರಿತವಾಗಿರಬೇಕು, ಬೆರಳಿನ ಮೇಲೆ ಮಡಚಿಕೊಳ್ಳದಂತಿರಬೇಕು. ಈ ಮೂರು ಗುಣಗಳಿಗೆ ಬೇಕಾದ ವಿಷಯಗಳನ್ನು ಇಲ್ಲಿ ವಿವರಿಸಲಾಗಿದೆ.

ಮಚ್ಚು, ಕುಡುಗೋಲು ಇರುವಾಗ ಚಾಕು ಏಕೆ?

ಇದು ಸಹಜವಾದ ಪ್ರಶ್ನೆ. ಕುಡುಗೋಲು ಕೊಯ್ಯಲು, ಮಚ್ಚು ಕಡಿಯಲು. ಒಂದು ಗಿಡದ ಕಾಂಡವನ್ನು ಉದ್ದಕ್ಕೆ ಎರಡು ಹೋಳಾಗಿ ನಾಜೂಕಾಗಿ ಸೀಳುವ ಕೆಲಸಕ್ಕೆ ಎರಡೂ ಬಾರವು. ಅಲ್ಲದೆ ಅವು ಕೆಲಸದ ದಿನ ಮಾತ್ರ ಹೊಲಕ್ಕೆ ಬರುತ್ತವೆ. ರೈತನು ಬೆಳಿಗ್ಗೆ ಬರಿಗೈಯಲ್ಲಿ ಹೊಲ ಸುತ್ತುವಾಗ ಸೊರಗಿದ ಗಿಡ ಕಾಣುವುದು ಹೆಚ್ಚು. ಆಗ ಮನೆಯಲ್ಲಿರುವ ಉಪಕರಣದಿಂದ ಏನೂ ಪ್ರಯೋಜನವಿಲ್ಲ. ನಮ್ಮ ಹಿರಿಯರ ಎಲೆಅಡಿಕೆ ಸಂಚಿಯಲ್ಲಿ ಅಡಕತ್ತರಿಯಾದರೂ ಇರುತ್ತಿತ್ತು. ಈಗ ಜೇಬಿನಲ್ಲಿ ಫೋನು ಮಾತ್ರ ಇದೆ.

ಫೋನಿನ ವಿಷಯವನ್ನೇ ನೋಡಿ. ಬಾಡಿದ ಗಿಡದ ಚಿತ್ರ ತೆಗೆದು ತಜ್ಞರಿಗೆ ಕಳುಹಿಸುವ ಪದ್ಧತಿ ಇಂದು ಸಾಮಾನ್ಯವಾಗಿದೆ. ಇದು ಒಳ್ಳೆಯದೇ. ಆದರೆ ನೀರಿಲ್ಲದೆ ಬಾಡಿದ ಗಿಡ, ಬೇರು ಕೊಳೆತು ಬಾಡಿದ ಗಿಡ, ದುಂಡಾಣುವಿನಿಂದ ಬಾಡಿದ ಗಿಡ, ಹುಳು ಕೊರೆದು ಬಾಡಿದ ಗಿಡ, ಈ ನಾಲ್ಕೂ ಹೊರಗಿನ ಚಿತ್ರದಲ್ಲಿ ಬಹುಮಟ್ಟಿಗೆ ಒಂದೇ ರೀತಿ ಕಾಣುವುವು. ಕಾಂಡವನ್ನು ಸೀಳಿ ಒಳಭಾಗದ ಚಿತ್ರವನ್ನೂ ಜೊತೆಗೆ ಕಳುಹಿಸಿದರೆ ಉತ್ತರ ಕೊಡುವವರ ಕೆಲಸ ಅರ್ಧ ಮುಗಿದಂತೆ.

ಮೊದಲು ಸೀಳಿ ನೋಡಿ, ಆಮೇಲೆ ಔಷಧಿ

ಕೆಲವು ಉದಾಹರಣೆಗಳನ್ನು ಕೊಟ್ಟರೆ ವಿಷಯ ಸ್ಪಷ್ಟವಾಗುವುದು.

ಟೊಮೆಟೊ, ಬದನೆ ಅಥವಾ ಮೆಣಸಿನ ಗಿಡ ಹಸಿರಾಗಿದ್ದಂತೆಯೇ ಹಠಾತ್ತನೆ ಜೋತು ಬಿದ್ದರೆ, ಬುಡದ ಹತ್ತಿರದ ಕಾಂಡದಿಂದ ಎರಡು ಮೂರು ಅಂಗುಲದ ತುಂಡನ್ನು ಹರಿತವಾದ ಚಾಕುವಿನಿಂದ ಕತ್ತರಿಸಿ, ಗಾಜಿನ ಲೋಟದಲ್ಲಿ ತಿಳಿನೀರು ತುಂಬಿ, ತುಂಡಿನ ಒಂದು ತುದಿ ಮುಳುಗುವಂತೆ ಹಿಡಿಯಿರಿ. ಕೆಲವೇ ನಿಮಿಷಗಳಲ್ಲಿ ಹಾಲಿನಂಥ ಬಿಳಿ ಎಳೆಗಳು ಕೆಳಗಿಳಿದರೆ ಅದು ದುಂಡಾಣು ಸೊರಗು ರೋಗ. ಎಳೆಗಳು ಬಾರದೆ, ಸೀಳಿದ ಕಾಂಡದ ಒಳಗೆ ಕಂದು ಗೆರೆಗಳು ಮಾತ್ರ ಕಂಡರೆ ಶಿಲೀಂಧ್ರದ ಸೊರಗು ರೋಗವಿರುವ ಸಂಭವ ಹೆಚ್ಚು. ಮೊದಲನೆಯದಾದರೆ ಶಿಲೀಂಧ್ರನಾಶಕ ಸಿಂಪಡಿಸಿ ಏನೂ ಫಲವಿಲ್ಲ. ರೋಗದ ಗಿಡವನ್ನು ಬೇರು ಸಹಿತ ತೆಗೆದು ನಾಶಪಡಿಸಬೇಕು, ಆ ನೆಲದಲ್ಲಿ ಆಲೂಗೆಡ್ಡೆ, ಬದನೆ ಜಾತಿಯ ಬೆಳೆ ನಿಲ್ಲಿಸಿ ಧಾನ್ಯದ ಬೆಳೆ ತೆಗೆಯಬೇಕು, ಮುಂದಿನ ಸಲ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್‌ನಂಥ ನಿರೋಧಕ ಶಕ್ತಿಯುಳ್ಳ ತಳಿಯನ್ನು ಆರಿಸಿಕೊಳ್ಳಬೇಕು. ಒಂದು ಲೋಟ ನೀರು ಮತ್ತು ಒಂದು ಚಾಕುವಿನಿಂದ ಇಷ್ಟು ತಿಳಿಯುವಾಗ, ಅಂಗಡಿಯವರು ಕೊಟ್ಟ ಮೂರು ಡಬ್ಬಿಗಳನ್ನು ಒಂದರ ಮೇಲೊಂದು ಸಿಂಪಡಿಸುವುದು ಹಣವನ್ನು ಮಣ್ಣಿಗೆ ಸುರಿದಂತೆ.

ಹತ್ತಿಯ ಗುಲಾಬಿ ಕಾಯಿಕೊರಕದ ಮಾತಂತೂ ಚಾಕುವಿನಿಂದಲೇ ನಿರ್ಧಾರವಾಗತಕ್ಕದ್ದು. ಮರಿಹುಳು ಎಳೆಯ ಕಾಯಿಯೊಳಗೆ ಹೊಕ್ಕ ಮೇಲೆ ಪ್ರವೇಶದ ರಂಧ್ರ ಮುಚ್ಚಿಕೊಳ್ಳುತ್ತದೆ. ಹೊರಗಿನಿಂದ ಕಾಯಿ ಆರೋಗ್ಯವಾಗಿಯೇ ಕಾಣುವುದು. ಬಿಟಿ ಹತ್ತಿಗೂ ಈ ಹುಳು ಒಗ್ಗಿಕೊಂಡಿರುವುದರಿಂದ ಬೀಜದ ಮೇಲೆ ಭಾರ ಹಾಕಿ ಕೂರುವಂತಿಲ್ಲ. ಎಕರೆಗೆ 20 ಹಸಿರು ಕಾಯಿಗಳನ್ನು ಹೊಲದ ಬೇರೆ ಬೇರೆ ಕಡೆಯಿಂದ ಕಿತ್ತು ಸೀಳಿ ನೋಡಬೇಕು. ಎರಡು ಕಾಯಿಗಳಲ್ಲಿ, ಅಂದರೆ ಶೇ. 10ರಷ್ಟರಲ್ಲಿ, ಹುಳು ಅಥವಾ ಹಾನಿ ಕಂಡುಬಂದರೆ ಸಿಂಪರಣೆಗೆ ಸಮಯವಾಯಿತೆಂದು ತಿಳಿಯಬೇಕು. ಮೊಂಡು ಚಾಕುವಿನಿಂದ 20 ಕಾಯಿ ಸೀಳುವುದು ಬೇಸರದ ಕೆಲಸ, ಅಪಾಯದ ಕೆಲಸವೂ ಹೌದು. ಹಸಿ ಕಾಯಿ ಜಾರುತ್ತದೆ, ಚಾಕು ಅಂಗೈಗೆ ಇಳಿಯುತ್ತದೆ. ಆದುದರಿಂದಲೇ ಎಷ್ಟೋ ರೈತರು ನಾಲ್ಕು ಕಾಯಿ ಸೀಳಿ ಬಿಟ್ಟುಬಿಡುತ್ತಾರೆ.

ತೊಗರಿಯ ನೆಟೆ ರೋಗದಲ್ಲಿ ಬುಡದ ಕಾಂಡವನ್ನು ಸೀಳಿದರೆ ಒಳಗೆ ಕಪ್ಪು ಇಲ್ಲವೆ ಕಂದು ಗೆರೆಗಳು ಕಾಣುವುವು. ತೇವದ ಕೊರತೆಯಿಂದ ಒಣಗಿದ ಗಿಡದಲ್ಲಿ ಇವು ಇರುವುದಿಲ್ಲ. ಕಬ್ಬನ್ನು ಉದ್ದಕ್ಕೆ ಸೀಳಿದಾಗ ಕೆಂಪು ತಿರುಳಿನ ನಡುವೆ ಅಡ್ಡಡ್ಡ ಬಿಳಿ ಪಟ್ಟೆಗಳು ಕಂಡು, ಹೆಂಡದಂಥ ಹುಳಿವಾಸನೆ ಬಂದರೆ ಅದು ಕೆಂಪು ಕೊಳೆ ರೋಗ. ಅಂಥ ತಾಕಿನಿಂದ ಬಿತ್ತನೆ ತುಂಡು ತೆಗೆಯಬಾರದು. ಬಾಳೆಯ ದಿಂಡನ್ನು ಅಡ್ಡ ಕೊಯ್ದಾಗ ಕೆಂಗಂದು ಉಂಗುರ, ಚುಕ್ಕೆಗಳು ಕಂಡರೆ ಪನಾಮಾ ಸೊರಗು ರೋಗ. ನಂಜನಗೂಡಿನ ರಸಬಾಳೆಯ ತೋಟಗಳನ್ನು ಕಡಿಮೆ ಮಾಡಿದ್ದು ಇದೇ ರೋಗ. ಅರೇಬಿಕಾ ಕಾಫಿಯ ಕಾಂಡದ ತೊಗಟೆ ಉಬ್ಬಿರುವಲ್ಲಿ ಕೆತ್ತಿ ನೋಡಿದರೆ ಬಿಳಿ ಕಾಂಡಕೊರಕದ ಸುರಂಗವೂ ಅದರಲ್ಲಿ ಗಿಡಿದ ಹಿಟ್ಟೂ ಸಿಗುವುದು.

ರೋಗ, ಕೀಟಗಳಷ್ಟೇ ಅಲ್ಲ. ಶೇಂಗಾ, ತೊಗರಿ, ಸೋಯಾ ಗಿಡವನ್ನು ಮಣ್ಣು ಸಹಿತ ಎತ್ತಿ, ಬೇರುಗಂಟನ್ನು ಚಾಕುವಿನ ತುದಿಯಿಂದ ಸೀಳಿದಾಗ ಒಳಗೆ ಗುಲಾಬಿ ಬಣ್ಣವಿದ್ದರೆ ಅದು ಗಾಳಿಯ ಸಾರಜನಕವನ್ನು ಹಿಡಿಯುತ್ತಿದೆ ಎಂದರ್ಥ. ಬಿಳಿ ಅಥವಾ ಹಸಿರಾಗಿದ್ದರೆ ಅದು ಕೆಲಸ ಮಾಡುತ್ತಿಲ್ಲ. ಮುಸುಕಿನ ಜೋಳದ ಕಾಳಿನ ಬುಡವನ್ನು ಕೆರೆದಾಗ ಕಪ್ಪು ಪದರ ಕಂಡರೆ ಕಾಳು ಬಲಿತಿದೆ, ಇನ್ನು ನೀರು ಕೊಡುವ ಅಗತ್ಯವಿಲ್ಲ. ಇಂಥ ಒಂದು ನೀರು ಉಳಿಸಿದರೂ ಚಾಕುವಿನ ಬೆಲೆ ಬಂದಂತಾಯಿತು.

ಅಲಗಿನ ಅಳತೆ

ಈಗ ಆಯ್ಕೆಯ ವಿಷಯಕ್ಕೆ ಬರೋಣ. ಮೇಲೆ ಹೇಳಿದ ಯಾವ ಕೆಲಸಕ್ಕೂ ದೊಡ್ಡ ಅಲಗು ಬೇಡ. ಏಳರಿಂದ ಒಂಬತ್ತು ಸೆಂಟಿಮೀಟರ್ ಉದ್ದದ, ಅಂದರೆ ಸುಮಾರು ಮೂರು ಮೂರೂವರೆ ಅಂಗುಲದ ಅಲಗು ಸಾಕು. ಇದಕ್ಕಿಂತ ಚಿಕ್ಕದಾದರೆ ಕಬ್ಬು, ಬಾಳೆದಿಂಡಿಗೆ ಸಾಲದು. ದೊಡ್ಡದಾದರೆ ಜೇಬಿಗೆ ಭಾರವಾಗಿ ಮನೆಯಲ್ಲೇ ಉಳಿಯುವುದು.

ಬೆನ್ನಿನ ದಪ್ಪ ಎರಡರಿಂದ ಮೂರು ಮಿ.ಮೀ. ಇದ್ದರೆ ಬೇಕಾದಷ್ಟಾಯಿತು. ಗಟ್ಟಿ ಚಾಕು ಎಂದರೆ ದಪ್ಪ ಚಾಕು ಎಂಬ ತಪ್ಪು ಕಲ್ಪನೆ ಬಹಳ ಜನರಲ್ಲಿದೆ. ದಪ್ಪ ಅಲಗು ಉಳಿಯಂತೆ ಬಿರಿಯುತ್ತದೆಯೇ ಹೊರತು ಕೊಯ್ಯುವುದಿಲ್ಲ. ಬೆನ್ನಿನಿಂದ ಬಾಯಿಯವರೆಗೆ ಕ್ರಮವಾಗಿ ತೆಳುವಾಗುತ್ತ ಬಂದ ಅಲಗೇ ಉತ್ತಮ. ತುದಿ ತೀರ ಮೊನಚಾಗಿರಬೇಕಿಲ್ಲ, ಬೇರುಗಂಟನ್ನು ಸೀಳುವಷ್ಟು ಚೂಪಾಗಿದ್ದರೆ ಸರಿ. ಗರಗಸದಂತೆ ಹಲ್ಲುಗಳುಳ್ಳ ಅಲಗು ನೈಲಾನ್ ಹಗ್ಗಕ್ಕೆ ಒಳ್ಳೆಯದಾದರೂ, ಕಾಂಡವನ್ನು ಹರಿದು ಹಾಕುವುದರಿಂದ ಒಳಗಿನ ಗುರುತುಗಳು ಕೆಡುವುವು. ಮನೆಯಲ್ಲಿ ಅದಕ್ಕೆ ಸಾಣೆ ಹಿಡಿಯುವುದೂ ಕಷ್ಟ.

ಉಕ್ಕಿನ ಆಯ್ಕೆ

ಉಕ್ಕಿನಲ್ಲಿ ಸ್ಥೂಲವಾಗಿ ಎರಡು ವಿಧ. ಒಂದು ಸಾದಾ ಇಂಗಾಲದ ಉಕ್ಕು, ಇನ್ನೊಂದು ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕು. ಚಾಕುವಿಗೆ ಬಳಸುವ ಸಾದಾ ಉಕ್ಕಿನಲ್ಲಿ ಸಾಮಾನ್ಯವಾಗಿ ಶೇ. 0.6ರಿಂದ 1ರಷ್ಟು ಇಂಗಾಲವಿರುವುದು. ಸ್ಟೇನ್‌ಲೆಸ್ ಎನಿಸಿಕೊಳ್ಳಲು ಶೇ. 10.5ಕ್ಕೆ ಕಡಿಮೆಯಿಲ್ಲದಂತೆ ಕ್ರೋಮಿಯಂ ಇರಬೇಕು. ಇಂಗ್ಲೆಂಡಿನ ಷೆಫೀಲ್ಡ್‌ನಲ್ಲಿ ಹ್ಯಾರಿ ಬ್ರಿಯರ್ಲಿ ಎಂಬುವರು 1913ರಲ್ಲಿ ಇಂಥ ಉಕ್ಕನ್ನು ತಯಾರಿಸಿದ ಮೇಲೆ ಅದು ಚಾಕು ಕಸುಬಿಗೆ ಬಂದಿತು. ಅದಕ್ಕಿಂತ ಬಹು ಹಿಂದೆಯೇ ದಕ್ಷಿಣ ಭಾರತದ ಮೂಸೆಯ ಉಕ್ಕು ಹೊರದೇಶಗಳಿಗೆ ಹೋಗುತ್ತಿತ್ತು. ಇಂಗ್ಲಿಷರು ಅದನ್ನು ಕರೆದ ‘ವುಟ್ಸ್’ ಎಂಬ ಹೆಸರು ನಮ್ಮ ‘ಉಕ್ಕು’ ಶಬ್ದದಿಂದಲೇ ಬಂದಿತೆಂದು ಹೇಳುತ್ತಾರೆ.

ಸಾದಾ ಉಕ್ಕಿನ ಅಲಗು ಸಾಣೆಗೆ ಬೇಗ ಒಗ್ಗುವುದು, ಮನೆಯ ಕಲ್ಲಿನ ಮೇಲೆ ಹತ್ತು ನಿಮಿಷದಲ್ಲಿ ಹರಿತವಾಗುವುದು. ಆದರೆ ಒದ್ದೆಯಾಗಿ ಬಿಟ್ಟರೆ ಒಂದೇ ರಾತ್ರಿಯಲ್ಲಿ ತುಕ್ಕು ಕಾಣುವುದು. ಹಸಿ ಅಡಿಕೆ, ನಿಂಬೆ, ಮಾವಿನಕಾಯಿ ಕೊಯ್ದರೆ ಕಪ್ಪಾಗುವುದು. ಈ ಕಪ್ಪು ಬರೀ ಕಲೆ, ಅದರಿಂದ ಹಾನಿಯಿಲ್ಲ. ಸ್ಟೇನ್‌ಲೆಸ್ ಅಲಗು ಬೆವರು, ಮಳೆಯನ್ನು ತಡೆಯುವುದಾದರೂ ಅಗ್ಗದ ಜಾತಿಯದು ಮೆದುವಾಗಿದ್ದು ಬೇಗ ಮೊಂಡಾಗುವುದು. ‘ಸ್ಟೇನ್‌ಲೆಸ್’ ಎಂದು ಮುದ್ರೆಯಿದ್ದ ಮಾತ್ರಕ್ಕೆ ಎಂದೂ ತುಕ್ಕು ಹಿಡಿಯದೆಂದು ಭಾವಿಸಬಾರದು. ಗೊಬ್ಬರದ ಪುಡಿ, ಬ್ಲೀಚಿಂಗ್ ನೀರು ತಗುಲಿದರೆ ಅದೂ ತೂತು ತೂತಾಗುವುದು.

ನನ್ನ ಸಲಹೆ ಹೀಗಿದೆ. ಬಯಲುಸೀಮೆಯ ಒಣ ಹವೆಯಲ್ಲಿ, ಚಾಕುವನ್ನು ದಿನವೂ ಒರೆಸಿಡುವ ಅಭ್ಯಾಸವುಳ್ಳವರಿಗೆ ಸಾದಾ ಉಕ್ಕು ಸೂಕ್ತ. ಮಲೆನಾಡು, ಕರಾವಳಿ ಮತ್ತು ಗದ್ದೆ ಕೆಲಸದವರಿಗೆ ಒಳ್ಳೆಯ ಜಾತಿಯ ಸ್ಟೇನ್‌ಲೆಸ್ ಸೂಕ್ತ. ಗಡಸುತನವನ್ನು ತಯಾರಕರು ರಾಕ್‌ವೆಲ್ ಅಂಕದಲ್ಲಿ ಕೊಟ್ಟಿದ್ದರೆ 55ರಿಂದ 58ರ ನಡುವೆ ಇರುವುದನ್ನು ಆರಿಸಿರಿ. ಇದಕ್ಕಿಂತ ಬಹಳ ಕಡಿಮೆಯಾದರೆ ಬಾಯಿ ಮಡಚಿಕೊಳ್ಳುವುದು, ಬಹಳ ಹೆಚ್ಚಾದರೆ ಚಕ್ಕೆ ಏಳುವುದು, ನಮ್ಮ ಸಾಮಾನ್ಯ ಸಾಣೆಕಲ್ಲಿಗೆ ಬಗ್ಗುವುದೂ ಇಲ್ಲ.

ಅಡಿಕೆ ಬೆಳೆಗಾರರು ಒಂದು ಮಾತು ನೆನಪಿಡಬೇಕು. ಶೇ. 1ರ ಬೋರ್ಡೋ ದ್ರಾವಣವು, ಅಂದರೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಮಿಶ್ರಣವು, ಸರಿಯಾಗಿದೆಯೇ ಎಂದು ನೋಡಲು ಚಾಕುವನ್ನು ಒಂದು ನಿಮಿಷ ಅದ್ದುವ ಪದ್ಧತಿ ಹಳೆಯದು. ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಈ ಪರೀಕ್ಷೆ ಉಜ್ಜಿ ಹೊಳೆಯಿಸಿದ ಸಾದಾ ಉಕ್ಕಿನ ಅಲಗಿನಿಂದ ಮಾತ್ರ ನಂಬಲರ್ಹ. ಸ್ಟೇನ್‌ಲೆಸ್ ಅಲಗಿನ ಮೇಲೆ ತಾಮ್ರ ಸುಲಭವಾಗಿ ಕೂರುವುದಿಲ್ಲ. ಆದ್ದರಿಂದ ದ್ರಾವಣ ಕೆಟ್ಟಿದ್ದರೂ ಸರಿಯಾಗಿದೆಯೆಂಬ ಭ್ರಮೆ ಹುಟ್ಟುವುದು. ಜೇಬಿನಲ್ಲಿ ಸ್ಟೇನ್‌ಲೆಸ್ ಚಾಕು ಇಟ್ಟವರು ಈ ಪರೀಕ್ಷೆಗೆ ಹಳೆಯ ಕುಡುಗೋಲನ್ನೇ ಉಜ್ಜಿ ಬಳಸಲಿ.

ಬೀಗವಿಲ್ಲದ ಚಾಕು ಬೇಡ

ಮಡಚುವ ಚಾಕುವಿನ ದೌರ್ಬಲ್ಯವೆಲ್ಲ ಅದರ ಕೀಲಿನಲ್ಲಿದೆ. ಸಾಮಾನ್ಯ ಚಾಕುಗಳಲ್ಲಿ ಅಲಗನ್ನು ಬೆನ್ನಿನ ಸ್ಪ್ರಿಂಗ್ ಒಂದೇ ಹಿಡಿದಿರುವುದು. ಕೊಯ್ಯುವಾಗ ಇದರಿಂದ ತೊಂದರೆಯಿಲ್ಲ, ಏಕೆಂದರೆ ಒತ್ತಡ ಬಾಯಿಯ ಮೇಲೆ ಬೀಳುತ್ತದೆ. ಆದರೆ ಕಾಂಡವನ್ನು ಸೀಳುವಾಗ ಅಲಗು ಸಿಕ್ಕಿಕೊಳ್ಳುತ್ತದೆ. ಅದನ್ನು ಹಿಂದಕ್ಕೆ ಅಲುಗಾಡಿಸಿ ಬಿಡಿಸುವಾಗ, ಅಥವಾ ತುದಿಯಿಂದ ಚುಚ್ಚುವಾಗ, ಒತ್ತಡ ಬೆನ್ನಿನ ಕಡೆಗೆ ತಿರುಗಿ ಅಲಗು ಥಟ್ಟನೆ ಮಡಚಿಕೊಳ್ಳುವುದು. ಆ ಹಾದಿಯಲ್ಲಿರುವುದು ನಮ್ಮ ನಾಲ್ಕು ಬೆರಳು. ಬೆರಳಿನ ನರ ಕತ್ತರಿಸಿದರೆ ಗಾಯ ಮಾಗಿದರೂ ಹಿಡಿತ ಮರಳದೆ ಹೋಗಬಹುದು. ಮುಂದೆ ಹಾಲು ಕರೆಯುವುದಕ್ಕೂ ನಾಟಿ ಮಾಡುವುದಕ್ಕೂ ಅದೇ ಕೈ ಬೇಕು.

ಆದುದರಿಂದ ತೆರೆದ ಮೇಲೆ ಅಲಗನ್ನು ಬಿಗಿಯಾಗಿ ಹಿಡಿಯುವ ಬೀಗವುಳ್ಳ ಚಾಕುವನ್ನೇ ಕೊಳ್ಳಬೇಕೆಂದು ಒತ್ತಿ ಹೇಳುತ್ತೇನೆ. ಬೀಗದಲ್ಲಿ ಮೂರು ಮಾದರಿಗಳು ಹೆಚ್ಚಾಗಿ ಸಿಗುವುವು. ಹಿಡಿಯ ಬೆನ್ನಿನಲ್ಲಿ ಸನ್ನೆಯಂತೆ ಒತ್ತಿ ಬಿಡಿಸುವ ಬೀಗ ಒಂದು. ಹಿಡಿಯ ಒಳಗಿನ ತಗಡು ಅಲಗಿನ ಬುಡಕ್ಕೆ ಅಡ್ಡ ಬರುವ ಬೀಗ ಇನ್ನೊಂದು. ತಿರುಗಿಸುವ ಬಳೆಯ ಬೀಗ ಮೂರನೆಯದು. ತಗಡಿನ ಬೀಗಕ್ಕೆ ಮಣ್ಣು, ಹತ್ತಿಯ ಎಳೆ ಸೇರಿದರೆ ಪೂರ್ತಿ ಕೂರುವುದಿಲ್ಲ. ಬೆನ್ನಿನ ಬೀಗ ಕೊಳೆಯನ್ನು ಸ್ವಲ್ಪ ಹೆಚ್ಚು ತಡೆಯುವುದು. ಬಳೆಯ ಬೀಗ ಎಲ್ಲಕ್ಕಿಂತ ಸರಳ.

ಈ ಬಳೆಯ ಬೀಗಕ್ಕೆ ಹೆಸರಾದುದು ಫ್ರಾನ್ಸಿನ ಓಪಿನೆಲ್ ಚಾಕು. ಆಲ್ಪ್ಸ್ ಪರ್ವತದ ಸವೊಯ್ ಸೀಮೆಯಲ್ಲಿ ಹತಾರ ಮಾಡುವ ಕಮ್ಮಾರರ ಮನೆತನದ ಜೋಸೆಫ್ ಓಪಿನೆಲ್ ಎಂಬುವರು 1890ರಲ್ಲಿ ಅಲ್ಲಿನ ರೈತರಿಗಾಗಿ ಇದನ್ನು ಮಾಡಿದರು. 1897ರಲ್ಲಿ ಒಂದರಿಂದ ಹನ್ನೆರಡರವರೆಗೆ ಅಳತೆಗಳು ಬಂದವು, 1955ರಲ್ಲಿ ಬಳೆಯ ಬೀಗ ಸೇರಿತು. ಎಂಟನೆಯ ಅಳತೆಯ ಅಲಗು 8.5 ಸೆಂ.ಮೀ. ಮರದ ಹಿಡಿ, ಅಲಗು, ಮೊಳೆ, ಪಟ್ಟಿ, ಬಳೆ, ಈ ಐದೇ ಭಾಗಗಳಿಂದ ಚಾಕು ಮುಗಿಯುವುದು. ಇದನ್ನೇ ಕೊಳ್ಳಬೇಕೆಂದು ನಾನು ಹೇಳುತ್ತಿಲ್ಲ. ಮಳೆಗಾಲದಲ್ಲಿ ಇದರ ಮರದ ಹಿಡಿ ನೀರು ಕುಡಿದು ಉಬ್ಬಿ, ಅಲಗು ತೆರೆಯಲು ಬಿಗಿಯಾಗುವ ದೋಷವೂ ಇದೆ. ಆದರೆ ರೈತನ ಚಾಕು ಎಷ್ಟು ಸರಳವಾಗಿರಬಹುದು ಎಂಬುದಕ್ಕೆ ಇದು ಒಳ್ಳೆಯ ಮಾದರಿ.

ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕುಗಳನ್ನು ಮುಟ್ಟಲೇಬೇಡಿ. ಜೇಬಿನಲ್ಲೇ ತೆರೆದುಕೊಂಡರೆ ಅನಾಹುತ, ಹೊಲದ ಧೂಳಿಗೆ ಅದರ ಸ್ಪ್ರಿಂಗ್ ಬಾಳುವುದೂ ಇಲ್ಲ.

ಹಿಡಿ

ಹಿಡಿಯು ಮುಷ್ಟಿ ತುಂಬುವಂತೆ, ನಾಲ್ಕೂ ಬೆರಳು ಕೂರುವಂತೆ ಇರಬೇಕು. ಹೊಳಪಿನ ಲೋಹದ ಹಿಡಿ ಬೆವರಿದ ಕೈಯಲ್ಲಿ ಜಾರುವುದು. ಗರುಕಾದ ನೈಲಾನ್, ಒಳ್ಳೆಯ ಮರ ಅಥವಾ ಕೊಂಬಿನ ಹಿಡಿ ಲೇಸು. ಬಣ್ಣ ಕೆಂಪೋ ಹಳದಿಯೋ ಇದ್ದರೆ ಹುಲ್ಲಿನಲ್ಲಿ ಬಿದ್ದಾಗ ಹುಡುಕುವುದು ಸುಲಭ. ಮಣ್ಣಿನ ಬಣ್ಣದ, ಸೈನಿಕರ ಬಟ್ಟೆಯಂಥ ಬಣ್ಣದ ಹಿಡಿಗಳು ನೋಡಲು ಚೆನ್ನ, ಆದರೆ ಮೊದಲ ವಾರದಲ್ಲೇ ಕಳೆದುಹೋಗುವುವು. ಹಿಡಿಯ ಕೊನೆಯಲ್ಲಿ ದಾರ ಪೋಣಿಸಲು ತೂತು ಇರಲಿ.

ಇಲ್ಲಿ ರೈತ ಮಹಿಳೆಯರ ಮಾತನ್ನು ವಿಶೇಷವಾಗಿ ಹೇಳಬೇಕು. ಹತ್ತಿ ಬಿಡಿಸುವವರು, ಕಳೆ ತೆಗೆಯುವವರು, ಬೀಜದ ಗೆಡ್ಡೆ ಕೊಯ್ಯುವವರು ಬಹುಮಟ್ಟಿಗೆ ಹೆಂಗಸರೇ. ಗಿಡವನ್ನು ಹತ್ತಿರದಿಂದ ನೋಡುವವರೂ ಅವರೇ. ಆದರೆ ಸೀರೆಗೆ ಜೇಬಿಲ್ಲ. ಸೊಂಟಕ್ಕೆ ಕಟ್ಟುವ ಸಣ್ಣ ಸಂಚಿಯಲ್ಲಿ ದಾರದಿಂದ ಬಿಗಿದ ಚಾಕು ಅವರಿಗೆ ಅನುಕೂಲ. ಉಗುರಿನಿಂದ ಎಳೆದು ತೆರೆಯಬೇಕಾದ ತೀರ ಬಿಗಿ ಸ್ಪ್ರಿಂಗ್‌ನ ಚಾಕು ಒದ್ದೆ ಕೈಗೆ ತೆರೆಯುವುದಿಲ್ಲ. ಆದುದರಿಂದ ಬಳಸುವವರೇ ಅಂಗಡಿಗೆ ಬಂದು ತೆರೆದು ಮಡಚಿ ನೋಡಿ ಕೊಳ್ಳುವುದು ಒಳ್ಳೆಯದು.

ಹತ್ತು ಸಲಕರಣೆಗಳ ಚಾಕು

ಕತ್ತರಿ, ಗರಗಸ, ತಿರುಪುಳಿ, ಡಬ್ಬಿ ತೆರೆಯುವ ಕೊಕ್ಕೆ ಎಲ್ಲವೂ ಇರುವ ಚಾಕುಗಳ ಮೋಹ ಯುವಕರಲ್ಲಿ ಹೆಚ್ಚು. ಇವುಗಳ ಮೂಲ ಸ್ವಿಟ್ಜರ್ಲೆಂಡಿನ ಸೈನ್ಯದ ಚಾಕು. ಕಾರ್ಲ್ ಎಲ್ಸೆನರ್ ಎಂಬುವರು 1891ರಲ್ಲಿ ಸೈನಿಕರಿಗೆ ಅದನ್ನು ಒದಗಿಸಿದರು. ಆಹಾರದ ಡಬ್ಬಿ ತೆರೆಯಲು, ಬಂದೂಕಿನ ತಿರುಪು ಬಿಚ್ಚಲು ಸೈನಿಕನಿಗೆ ಅವು ಬೇಕಿದ್ದವು. ಆ ಚಾಕುಗಳು ಒಳ್ಳೆಯವೇ. ಆದರೆ ಅವುಗಳ ಹೆಸರಿನಲ್ಲಿ ಸಂತೆಯಲ್ಲಿ ಸಿಗುವ ಅಗ್ಗದ ನಕಲುಗಳಲ್ಲಿ ಹತ್ತು ಸಲಕರಣೆಗಳೂ ಕಳಪೆ. ಒಂದೇ ಬೆಲೆಯಲ್ಲಿ ಹತ್ತು ತಗಡಿಗಿಂತ ಒಂದು ಒಳ್ಳೆಯ ಅಲಗು ಲೇಸು. ಗೋಣಿಚೀಲ ಹೊಲಿಯಲು ದಬ್ಬಳದಂಥ ಮುಳ್ಳೊಂದು ಇದ್ದರೆ ಇರಲಿ, ಅದಕ್ಕಿಂತ ಹೆಚ್ಚಿನದು ಬೇಡ.

ಕಸಿ ಕಟ್ಟುವವರು ಅದಕ್ಕೆಂದೇ ಬೇರೆ ಚಾಕು ಇಟ್ಟುಕೊಳ್ಳಬೇಕು. ತಂತಿ ಸುಲಿದ, ಹಗ್ಗ ಕೊಯ್ದ ಅಲಗಿನಿಂದ ಮಾವು, ಗೋಡಂಬಿಯ ಕಸಿ ಕಡ್ಡಿಗೆ ನುಣುಪಾದ ಕೊಯ್ತ ಸಿಗದು, ಕಸಿ ಕೂಡದು. ಹಾಗೆಯೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆಗೆ ಚಾಕು ತೂರಿಸುವ ಚಟ ಪ್ರಾಣಾಂತಿಕವಾದುದು. ವಿದ್ಯುತ್ತಿಗೂ ಜೇಬಿನ ಚಾಕುವಿಗೂ ಸಂಬಂಧ ಬೇಡ.

ಅಂಗಡಿಯಲ್ಲಿ ಮಾಡಬೇಕಾದ ಪರೀಕ್ಷೆ

1. ಚಾಕುವನ್ನು ಹತ್ತು ಸಲ ತೆರೆದು ಮಡಚಿರಿ. ಎಲ್ಲೂ ಕೆರೆಯದೆ, ಒಂದೇ ಸಮ ಚಲಿಸಬೇಕು.

2. ತೆರೆದ ಅಲಗನ್ನು ಬೆನ್ನಿನಿಂದ ಹಿಡಿದು ಎಡಕ್ಕೂ ಬಲಕ್ಕೂ, ಮೇಲಕ್ಕೂ ಕೆಳಕ್ಕೂ ಅಲುಗಿಸಿರಿ. ಹೊಸ ಚಾಕುವಿನಲ್ಲೇ ಆಟ ಕಂಡರೆ ಬಿಟ್ಟುಬಿಡಿ.

3. ಬೀಗ ಬಿದ್ದ ಮೇಲೆ, ಬೆರಳುಗಳು ಅಲಗಿನ ಹಾದಿಯಲ್ಲಿ ಇರದಂತೆ ಹಿಡಿದು, ಅಲಗಿನ ಬೆನ್ನನ್ನು ಮರದ ಮೇಜಿನ ಮೇಲೆ ಮೆಲ್ಲಗೆ ಒತ್ತಿರಿ. ಬೀಗ ಜಾರಿದರೆ ಅದು ಆಟಿಕೆ ಮಾತ್ರ.

4. ಮಡಚಿದಾಗ ಅಲಗು ಹಿಡಿಯ ನಡುವೆ ಕೂರಬೇಕು, ತುದಿ ಹೊರಗೆ ಇಣುಕಬಾರದು. ಇಣುಕಿದರೆ ಜೇಬೂ ಹರಿಯುವುದು, ಬೆರಳೂ ಹರಿಯುವುದು.

5. ಕೀಲಿನ ಮೊಳೆ ಗಟ್ಟಿಯಾಗಿ ಬಡಿದಿರಬೇಕು, ಇಲ್ಲವೆ ಬಿಗಿಗೊಳಿಸಬಹುದಾದ ತಿರುಪು ಇರಬೇಕು.

6. ಒಂದು ಹಾಳೆ ಕಾಗದವನ್ನು ಕೊಯ್ದು ನೋಡಿರಿ. ಹೊಸದರಲ್ಲಿ ಸ್ವಲ್ಪ ಮೊಂಡಾಗಿದ್ದರೆ ಚಿಂತೆಯಿಲ್ಲ, ಅದನ್ನು ಮನೆಯಲ್ಲಿ ಸರಿಪಡಿಸಬಹುದು. ಸಡಿಲ ಕೀಲನ್ನು ಸರಿಪಡಿಸುವುದು ಕಷ್ಟ.

ಸಾಣೆ ಮತ್ತು ಪಾಲನೆ

ಒಳ್ಳೆಯ ಚಾಕು ಹಾಳಾಗುವುದು ಬಳಕೆಯಿಂದಲ್ಲ, ತಪ್ಪು ಸಾಣೆಯಿಂದ. ಚಾಕುವಿನ ಉಕ್ಕಿಗೆ ಹದ ಕೊಡುವಾಗ ಅದನ್ನು ಸುಮಾರು 200 ಡಿಗ್ರಿ ಸೆಂಟಿಗ್ರೇಡ್ ಆಸುಪಾಸಿನಲ್ಲಿ ಕಾಯಿಸಿರುತ್ತಾರೆ. ಬೀದಿಯ ಸಾಣೆಚಕ್ರಕ್ಕೆ ಒಣದಾಗಿ ಒತ್ತಿ ಹಿಡಿದಾಗ ಕಿಡಿ ಹಾರಿ ಬಾಯಿಯ ಅಂಚು ನೀಲಿಗಟ್ಟುವುದನ್ನು ನೀವು ನೋಡಿರಬಹುದು. ನೀಲಿ ಬಂದಿತೆಂದರೆ ಅಲ್ಲಿ ಬಿಸಿ 300 ಡಿಗ್ರಿಯ ಹತ್ತಿರ ಮುಟ್ಟಿತು, ಹದ ಇಳಿಯಿತು ಎಂದರ್ಥ. ಅಂಥ ಬಾಯಿ ಆ ದಿನ ಚೆನ್ನಾಗಿ ಕೊಯ್ದು ಮರುದಿನ ಮೊಂಡಾಗುವುದು.

ಇದರ ಬದಲು ಒಂದು ಕಡೆ ತರಿ, ಇನ್ನೊಂದು ಕಡೆ ನುಣುಪಾದ ಸಾಣೆಕಲ್ಲನ್ನು ಮನೆಯಲ್ಲಿಡಿ. ಕಲ್ಲನ್ನು ನೀರಿನಿಂದ ನೆನೆಸಿ, ಅಲಗನ್ನು ಸುಮಾರು 20 ಡಿಗ್ರಿ ಓರೆಯಾಗಿ ಹಿಡಿಯಿರಿ. ಎರಡು ಸೆಂ.ಮೀ. ಅಗಲದ ಅಲಗಾದರೆ ಅದರ ಬೆನ್ನು ಕಲ್ಲಿನಿಂದ 7 ಮಿ.ಮೀ. ಮೇಲಿದ್ದರೆ ಈ ಓರೆ ಬರುವುದು. ಎರಡೂ ಮಗ್ಗುಲನ್ನು ಸಮನಾಗಿ ಮಸೆದು, ಕೊನೆಗೆ ಹಳೆಯ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ನಾಲ್ಕಾರು ಸಲ ಎಳೆದರೆ ಸಾಕು. ಹದಿನೈದು ದಿನಕ್ಕೊಮ್ಮೆ ಕೀಲಿನ ಕೊಳೆ ತೆಗೆದು ಒಂದು ಹನಿ ಎಣ್ಣೆ ಬಿಡಿ. ಹೊಲಿಗೆ ಯಂತ್ರದ ಎಣ್ಣೆ ಆಗಬಹುದು. ಅಡಿಗೆ ಎಣ್ಣೆ ಅಂಟಾಗುವುದರಿಂದ ಕೀಲಿಗೆ ಬೇಡ. ಚಾಕುವಿನಿಂದ ಮಣ್ಣು ಕೆದಕುವುದು, ಮುಚ್ಚಳ ಮೀಟುವುದು ಸಲ್ಲದು.

ಚಾಕುವೇ ರೋಗ ಹರಡಬಾರದು

ರೋಗ ಪತ್ತೆ ಮಾಡುವ ಚಾಕುವೇ ರೋಗ ಹೊತ್ತು ತಿರುಗಬಹುದೆಂಬುದನ್ನು ಮರೆಯಬಾರದು. ಕಬ್ಬಿನ ಕೂಳೆ ಕುಂಠಿತ ರೋಗ 1944-45ರಲ್ಲಿ ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಮೊದಲು ಕಂಡುಬಂದಿತು. ಅದು ಮುಖ್ಯವಾಗಿ ಹರಡುವುದು ಬಿತ್ತನೆ ತುಂಡುಗಳಿಂದ ಮತ್ತು ಅವುಗಳನ್ನು ಕತ್ತರಿಸುವ ಕತ್ತಿಯಿಂದ. ಆಲೂಗೆಡ್ಡೆ ಮತ್ತು ಶುಂಠಿಯ ಬಿತ್ತನೆ ತುಂಡುಗಳಲ್ಲೂ ದುಂಡಾಣು ಸೊರಗು ರೋಗ ಚಾಕುವಿನ ಬಾಯಿಯ ಮೂಲಕ ಒಂದರಿಂದ ಒಂದಕ್ಕೆ ದಾಟುವುದು.

ಸಂಶಯದ ಗಿಡವನ್ನು ಸೀಳಿದ ಮೇಲೆ ಅಲಗನ್ನು ಮೊದಲು ಒರೆಸಿ, ಸಾಬೂನು ನೀರಿನಿಂದ ತೊಳೆದು, ಶೇ. 70ರ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿರಿ. ಸ್ಪಿರಿಟ್ ಇಲ್ಲದಿದ್ದರೆ ಮನೆಬಳಕೆಯ ದ್ರವ ಬ್ಲೀಚ್ ಒಂದು ಪಾಲಿಗೆ ಒಂಬತ್ತು ಪಾಲು ನೀರು ಬೆರೆಸಿ ಅದ್ದಬಹುದು. ಆದರೆ ಬ್ಲೀಚ್ ಉಕ್ಕನ್ನು ತಿನ್ನುವುದರಿಂದ ಕೂಡಲೆ ತೊಳೆದು, ಒರೆಸಿ, ಎಣ್ಣೆ ಸವರಬೇಕು. ಮೊದಲು ಆರೋಗ್ಯವಂತ ತಾಕು, ಕೊನೆಗೆ ರೋಗದ ತಾಕು, ಈ ಕ್ರಮದಲ್ಲೇ ಹೊಲ ಸುತ್ತಿರಿ.

ಇದಕ್ಕಿಂತ ಗಂಭೀರವಾದ ಇನ್ನೊಂದು ಮಾತಿದೆ. ಕೀಟನಾಶಕದ ಪೊಟ್ಟಣವನ್ನು, ಔಷಧ ಲೇಪಿಸಿದ ಬೀಜದ ಚೀಲವನ್ನು ಜೇಬಿನ ಚಾಕುವಿನಿಂದ ಕತ್ತರಿಸಿ, ಅದೇ ಅಲಗನ್ನು ಪಂಚೆಗೆ ಒರೆಸಿ, ಮಧ್ಯಾಹ್ನ ಅದರಲ್ಲೇ ಸೌತೆಕಾಯಿ, ಈರುಳ್ಳಿ ಹೆಚ್ಚಿಕೊಳ್ಳುವುದು ಹಳ್ಳಿಗಳಲ್ಲಿ ಸಾಮಾನ್ಯ. ಮಕ್ಕಳಿಗೂ ಅದೇ ಚಾಕುವಿನಿಂದ ಮಾವಿನಹಣ್ಣು ಕೊಯ್ದು ಕೊಡುತ್ತಾರೆ. ಕೀಲಿನ ಸಂದಿಯಲ್ಲಿ ಕೂತ ವಿಷ ಒರೆಸಿದರೆ ಹೋಗುವುದಿಲ್ಲ. ವಿಷದ ಪೊಟ್ಟಣಕ್ಕೆ ಒಂದು ಹಳೆಯ ಕತ್ತರಿಯನ್ನು ಔಷಧದ ಪೆಟ್ಟಿಗೆಯಲ್ಲೇ ಕಟ್ಟಿಡಿ. ಜೇಬಿನ ಚಾಕು ಅಲ್ಲಿಗೆ ಹೋಗಕೂಡದು. ಈ ಒಂದು ನಿಯಮವನ್ನು ಪಾಲಿಸಲಾಗದವರು ಚಾಕುವಿನಿಂದ ಆಹಾರ ಮುಟ್ಟುವುದನ್ನೇ ಬಿಡಲಿ.

ಕೈ ಕೊಯ್ದುಕೊಂಡರೆ ಹಚ್ಚಲು ಮಣ್ಣು, ಸುಣ್ಣ ಹುಡುಕದೆ, ಶುದ್ಧ ನೀರು ಮತ್ತು ಸಾಬೂನಿನಿಂದ ತೊಳೆದು, ಬಟ್ಟೆ ಒತ್ತಿ ಹಿಡಿದು ಆಸ್ಪತ್ರೆಗೆ ಹೋಗಿ ಧನುರ್ವಾಯು ನಿರೋಧಕ ಚುಚ್ಚುಮದ್ದಿನ ಬಗ್ಗೆ ವಿಚಾರಿಸಿರಿ.

ಕಾಯಿದೆಯ ಮಾತು

ಮಡಚುವ ಚಾಕುವಿಗೆ ಒಂದು ಅಪಖ್ಯಾತಿಯೂ ಅಂಟಿದೆ. ಉತ್ತರ ಪ್ರದೇಶದ ರಾಂಪುರದ ಚಾಕುವನ್ನು ಹಿಂದಿ ಚಿತ್ರಗಳಲ್ಲಿ ಖಳರ ಕೈಯಲ್ಲಿ ನೋಡಿ ನೋಡಿ, ಜೇಬಿನಲ್ಲಿ ಚಾಕು ಇಟ್ಟವನನ್ನು ಸಂಶಯಿಸುವ ಮನೋಭಾವ ಬೆಳೆದಿದೆ. 1959ರ ಶಸ್ತ್ರಾಸ್ತ್ರ ಕಾಯಿದೆಯಡಿಯ ನಿಯಮಗಳು ಆಯುಧವೆಂದು ಗಣಿಸುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗುಗಳನ್ನು. ಅದರಲ್ಲೂ ಮನೆ ಮತ್ತು ಕೃಷಿ ಬಳಕೆಗೆಂದು ಮಾಡಿದವನ್ನು ಹೊರತುಪಡಿಸಿದೆ. ಮೂರು ಅಂಗುಲದ ಬೇಸಾಯದ ಚಾಕು ಇದರ ಸಮೀಪಕ್ಕೂ ಬಾರದು. ಆದರೂ ವಿಚಕ್ಷಣೆ ಬೇಕು. ನ್ಯಾಯಾಲಯ, ಸಭೆ ಸಮಾರಂಭ, ಮೆಟ್ರೋ ರೈಲಿಗೆ ಹೋಗುವ ದಿನ ಚಾಕು ಮನೆಯಲ್ಲಿರಲಿ. ವಿಮಾನದಲ್ಲಿ ಕೈಚೀಲದಲ್ಲಿ ಅದನ್ನು ಒಯ್ಯುವಂತಿಲ್ಲ. ಜಗಳದಲ್ಲಿ ಕೈಗೆತ್ತಿಕೊಂಡ ಗಳಿಗೆಯಿಂದ ಯಾವ ಚಾಕುವೂ ಬೇಸಾಯದ ಚಾಕುವಾಗಿ ಉಳಿಯುವುದಿಲ್ಲ ಎಂಬುದು ನೆನಪಿರಲಿ.

ಕೊನೆಯದಾಗಿ

ತರಬೇತಿ ಶಿಬಿರಗಳಲ್ಲಿ ರೈತರಿಗೆ ಚೀಲ, ಟೋಪಿ, ಪೆನ್ನು ಹಂಚುವ ಪದ್ಧತಿಯಿದೆ. ಅವುಗಳ ಬದಲು ಒಂದು ಗಟ್ಟಿ ಮಡಚುವ ಚಾಕು ಮತ್ತು ಒಂದು ಭೂತಗನ್ನಡಿ ಕೊಟ್ಟು, ಅಲ್ಲೇ ಹೊಲಕ್ಕಿಳಿಸಿ ಒಂದು ಕಾಯಿ, ಒಂದು ಕಾಂಡ, ಒಂದು ಬೇರುಗಂಟನ್ನು ಸೀಳಿಸಿದರೆ, ಆ ದಿನದ ಉಪನ್ಯಾಸಗಳಿಗಿಂತ ಹೆಚ್ಚು ನೆನಪಿನಲ್ಲಿ ಉಳಿಯುವುದೆಂದು ನನ್ನ ನಂಬಿಕೆ. ವಿಸ್ತರಣಾ ಕಾರ್ಯಕರ್ತರು ಇದನ್ನು ಯೋಚಿಸಬೇಕು.

ರೈತ ಬಾಂಧವರಿಗೆ ಹೇಳುವುದಿಷ್ಟೆ. ಮೂರು ಮೂರೂವರೆ ಅಂಗುಲದ ಒಂದೇ ಅಲಗು, ನಿಮ್ಮ ಹವೆಗೆ ಹೊಂದುವ ಉಕ್ಕು, ನಂಬಬಹುದಾದ ಬೀಗ, ಕೈ ತುಂಬುವ ಹಿಡಿ, ಇವಿಷ್ಟನ್ನು ನೋಡಿ ಕೊಳ್ಳಿರಿ. ಹೊಳಪಿಗೆ, ಸಲಕರಣೆಗಳ ಸಂಖ್ಯೆಗೆ ಹಣ ಕೊಡಬೇಡಿ. ಒಂದು ಎಕರೆಗೆ ಒಂದು ವ್ಯರ್ಥ ಸಿಂಪರಣೆ ತಪ್ಪಿದರೆ ಚಾಕುವಿಗೂ ಸಾಣೆಕಲ್ಲಿಗೂ ಕೊಟ್ಟ ಹಣದ ಬಹುಪಾಲು ಹಿಂದಿರುಗುವುದು. ಮುಂದಿನ ಬಾರಿ ಗಿಡವೊಂದು ಬಾಡಿ ನಿಂತಾಗ ಅಂಗಡಿಯ ಕಡೆಗೆ ನಡೆಯುವ ಮೊದಲು ಆ ಗಿಡವನ್ನು ಸೀಳಿ ನೋಡಿ.